ಹೆಸರು ಅಳಿಸಿದ ಮಾತ್ರಕ್ಕೆ

ಮಂಗಳೂರಿನ ಸುತ್ತ ಮೆಡಿಕಲ್ ಕಾಲೇಜುಗಳು ದಟ್ಟವಾಗಿರುವುದರಿಂದ ಬಂಟ್ವಾಳ ತಾಲೂಕಿನ ಹಳ್ಳಿಗಳಿಗೆ ಆರೋಗ್ಯ ಶಿಬಿರ ಹೊಸ ಸಂಗತಿಯೇನಲ್ಲ. ನೇತ್ರಾವತಿ ದಂಡೆಯ ನರಿಕೊಂಬಿನಂಥ ಊರಿನಲ್ಲಿ ಶಾಲೆಯ ಜಗಲಿಯಲ್ಲೋ ಭಜನಾ ಮಂದಿರದ ಅಂಗಳದಲ್ಲೋ ನಾಲ್ಕು ಮೇಜು ಬಿದ್ದರೆ ಶಿಬಿರ ಶುರು. ಬಿಪಿ, ಶುಗರ್, ಕಣ್ಣು. ಬೀಡಿ ಕಟ್ಟುವವರಾದರೆ ಬೆನ್ನು ಮತ್ತು ಶ್ವಾಸ. ಕೆಲವೊಮ್ಮೆ ತಪಾಸಣೆಯ ಜೊತೆಗೆ ಒಂದು ಅಧ್ಯಯನವೂ ಬಂದಿರುತ್ತದೆ. ಆಗ ಕಿರಿಯ ಡಾಕ್ಟರೊಬ್ಬರು ಮೂರು ನಾಲ್ಕು ಪುಟದ ಕಾಗದ ಮುಂದಿಟ್ಟು "ಅಕ್ಕಾ, ಇಲ್ಲೊಂದು ಸೈನ್ ಹಾಕಿ" ಅನ್ನುತ್ತಾರೆ. ಅಕ್ಕ ಹಾಕುತ್ತಾರೆ. ಮಧ್ಯಾಹ್ನದೊಳಗೆ ಮನೆ ಸೇರಿ ಆ ದಿನದ ಬೀಡಿ ಮುಗಿಸಬೇಕು. ಓದುತ್ತ ಕೂರಲು ಪುರುಸೊತ್ತೆಲ್ಲಿ?

ಈಚಿನ ಇಂಥ ಕಾಗದಗಳಲ್ಲಿ ಕೊನೆಯ ಪುಟದ ಹತ್ತಿರ ಒಂದು ಸಾಲು ಸಿಗುವುದುಂಟು. ನಿಮ್ಮ ಮಾಹಿತಿಯನ್ನು ಹೆಸರು ತೆಗೆದು ಬೇರೆ ಸಂಶೋಧಕರಿಗೂ ಕೊಡಬಹುದು, ಮುಂದೆ ಬೇರೆ ಅಧ್ಯಯನಕ್ಕೂ ಬಳಸಬಹುದು ಎಂಬ ಅರ್ಥದ್ದು. ಈ ವಾರ ನಾನು ಬರೆಯಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ.

ಅದು ಸುಮ್ಮನೆ ಬಂದು ಸೇರಿಕೊಂಡದ್ದಲ್ಲ. ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿ 2018ರ ಜುಲೈನಿಂದ ಒಂದು ನಿಯಮ ತಂದಿತು. ಔಷಧ ಪ್ರಯೋಗದ ಫಲಿತಾಂಶ ಅಚ್ಚಾಗಬೇಕಾದರೆ, ಅದರ ಹಿಂದಿನ ಕಚ್ಚಾ ಲೆಕ್ಕವನ್ನು ಬೇರೆಯವರಿಗೆ ಕೊಡುತ್ತೀರೋ ಇಲ್ಲವೋ, ಕೊಡುವುದಾದರೆ ಯಾರಿಗೆ, ಹೇಗೆ ಎಂದು ಬರೆದು ತಿಳಿಸಬೇಕು. ಸಂಶೋಧನೆಗೆ ದುಡ್ಡು ಕೊಡುವ ದೊಡ್ಡ ಸಂಸ್ಥೆಗಳೂ ಈಗ ಅದನ್ನೇ ಕೇಳುತ್ತವೆ. ಉದ್ದೇಶ ಒಳ್ಳೆಯದೇ. ತನಗೆ ಅನುಕೂಲವಾದ ಅಂಕಿಗಳನ್ನಷ್ಟೇ ತೋರಿಸಿ ಔಷಧ ಮಾರುವ ಕಂಪನಿಯನ್ನು ಹಿಡಿಯಬೇಕಾದರೆ ಕಚ್ಚಾ ಲೆಕ್ಕ ಬೇಕು. ಒಂದೇ ಪ್ರಶ್ನೆಗೆ ಹತ್ತು ಊರಿನ ಜನರಿಗೆ ಹತ್ತು ಸಲ ಸೂಜಿ ಚುಚ್ಚುವುದನ್ನು ತಪ್ಪಿಸಬಹುದು. ಮಲೇರಿಯಾ ಔಷಧಕ್ಕೆ ರೋಗಾಣು ಬಗ್ಗದೆ ಹೋಗುತ್ತಿದೆ ಎಂಬಂಥ ಸೂಚನೆ ಒಂದು ಆಸ್ಪತ್ರೆಯ ಸಣ್ಣ ಪಟ್ಟಿಯಲ್ಲಿ ಕಾಣುವುದಿಲ್ಲ. ನೂರು ಪಟ್ಟಿಗಳನ್ನು ಕೂಡಿಸಿದರೆ ಕಾಣುತ್ತದೆ.

ಆದರೆ ಸಮಸ್ಯೆ ಇಲ್ಲೇ ಹುಟ್ಟುತ್ತದೆ. ಪಟ್ಟಿ ತಯಾರಿಸಲು ಐದು ವರ್ಷ ಬಿಸಿಲಲ್ಲಿ ಮನೆ ಮನೆ ತಿರುಗಬೇಕು, ಆಶಾ ಕಾರ್ಯಕರ್ತೆಯ ಚಪ್ಪಲಿ ಸವೆಯಬೇಕು. ತಯಾರಾದ ಪಟ್ಟಿಯಿಂದ ಪ್ರಬಂಧ ಬರೆಯಲು ಒಳ್ಳೆಯ ಕಂಪ್ಯೂಟರು, ಸಂಖ್ಯಾಶಾಸ್ತ್ರ ಬಲ್ಲ ನಾಲ್ಕು ಜನ, ಆರು ತಿಂಗಳು ಸಾಕು. ಮೊದಲ ಕೆಲಸ ನಡೆಯುವುದು ನಮ್ಮಂಥ ದೇಶಗಳಲ್ಲಿ, ಎರಡನೆಯದಕ್ಕೆ ಬೇಕಾದ ಸೌಕರ್ಯ ಹೆಚ್ಚಾಗಿರುವುದು ಸಿರಿವಂತ ದೇಶಗಳಲ್ಲಿ. ಬಾಗಿಲು ಎಲ್ಲರಿಗೂ ತೆರೆದಿದೆ ಅನ್ನುವಾಗ ಬಾಗಿಲಿನಿಂದ ಯಾರು ಎಷ್ಟು ಬೇಗ ಒಳಗೆ ಹೋಗಬಲ್ಲರು ಎಂಬುದನ್ನೂ ನೋಡಬೇಕಾಗುತ್ತದೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಆಫ್ರಿಕಾಕ್ಕೆ ಹೋಗಬೇಕಿಲ್ಲ. ಬಂಟ್ವಾಳದ ನೆರೆಯ ಬೆಳ್ತಂಗಡಿಯಲ್ಲೇ ಇದೆ, ಅದರ ಕತೆ ಮಾತ್ರ ಶಿವಮೊಗ್ಗದಿಂದ ಶುರು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೆ ಜ್ವರ ಬಂತು. ಪುಣೆಯಲ್ಲಿ ಆಗ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ನಮ್ಮ ಐಸಿಎಂಆರ್ ಸೇರಿ 1952ರಲ್ಲಿ ಕಟ್ಟಿದ್ದ ವೈರಸ್ ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ತಂಡ ಬಂದು ರೋಗಿಗಳ ರಕ್ತ, ಮಂಗಗಳ ಅಂಗಾಂಶ, ಉಣ್ಣಿಗಳನ್ನು ಸಂಗ್ರಹಿಸಿ ಹೊಸ ವೈರಸ್ಸನ್ನು ಗುರುತಿಸಿತು. ಅದು ರಷ್ಯಾದಲ್ಲಿ ಕಾಣುವ ಮಿದುಳು ಜ್ವರದ ವೈರಸ್ಸಿನ ಬಂಧು ಎಂದು ತಿಳಿದಾಗ, ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುವಾಗಲು ಈ ಪ್ರಶ್ನೆಯೂ ಒಂದು ಕಾರಣ. ಮುಂದೆ ಆ ಕೆಲಸಕ್ಕೆ ಅಮೆರಿಕದ ಸೇನೆಗೆ ಸೇರಿದ ಸಂಸ್ಥೆಯೊಂದರ ಹಣವೂ ಬಂತು. 1974ರಲ್ಲಿ ಪತ್ರಿಕೆಗಳಲ್ಲಿ ಗುಲ್ಲೆದ್ದಿತು, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ನೆರವಿನ ಇಂಥ ಸಂಶೋಧನೆಗಳ ಬಗ್ಗೆ ಕಟುವಾದ ವರದಿ ಕೊಟ್ಟಿತು. ನಮ್ಮ ನೆಲದಲ್ಲಿ ಕೂಡಿಸಿದ ಮಾಹಿತಿ ಯಾರ ಕೈಗೆ ಹೋಗುತ್ತಿದೆ, ಅದರಿಂದ ಯುದ್ಧಕ್ಕೆ ಅಸ್ತ್ರ ಮಾಡುತ್ತಾರೆಯೇ ಎಂಬುದು ಆಗಿನ ಭಯ. ಶೀತಲ ಸಮರದ ಕಾಲದಲ್ಲಿ ಅದು ಹುಚ್ಚು ಭಯವೆಂದು ನಾನು ಹೇಳಲಾರೆ.

ಈ ಮಂಗನ ಕಾಯಿಲೆ ಬೆಳ್ತಂಗಡಿಗೆ ಇಳಿದದ್ದು 1982ರ ಕೊನೆಗೆ. ಗೇರು ತೋಪಿಗಾಗಿ ಕಾಡು ಕಡಿದ ಸುತ್ತಿನಲ್ಲಿ ಮಂಗಗಳು ಸತ್ತವು, ಮರುವರ್ಷ ಬೇಸಿಗೆಯೊಳಗೆ ಜನ ಮಲಗಿದರು. ಆ ವರ್ಷ ರಾಜ್ಯದಲ್ಲಿ ರೋಗ ತಗಲಿದವರು ಸಾವಿರದೈನೂರಕ್ಕೂ ಹೆಚ್ಚು; ಹೆಚ್ಚಿನವರು ದಕ್ಷಿಣ ಕನ್ನಡದವರೇ. ಜಿಲ್ಲೆಯಲ್ಲಿ ಎಪ್ಪತ್ತರ ದಶಕದಿಂದ ಕೆಲಸ ಮಾಡಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿಯೇ ತಂದ ರೋಗವೆಂದು ಕರೆದು ಲೇಖನ ಬರೆದರು. ಕಾಡು ಹೋದದ್ದಕ್ಕೆ ಭೂತಗಳು ಮುನಿದಿವೆ ಎಂದು ಊರವರು ಆಡಿದ ಮಾತಿಗೂ ಆ ಲೇಖನದಲ್ಲಿ ಜಾಗವಿತ್ತು. ಕಾಡು ಕಡಿದದ್ದಕ್ಕೂ ರೋಗಕ್ಕೂ ಸಂಬಂಧವಿದೆ ಎಂಬಷ್ಟನ್ನು ಊರವರು ತಾವಾಗಿಯೇ ಕಂಡುಕೊಂಡಿದ್ದರು ಅನ್ನುವುದನ್ನು ಗಮನಿಸಿ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಜ್ವರದ ಡಿಗ್ರಿಗೆ ಒಂದು ಕಾಲಂ ಇತ್ತು, ಈ ಮಾತಿಗೆ ಇರಲಿಲ್ಲ.

ಹಾಗೆಂದು ಎಲ್ಲ ಹಂಚಿಕೆಯೂ ಲೂಟಿಯೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಇದೇ ಕಾಯಿಲೆಯ ವಿಚಾರದಲ್ಲಿ ಸ್ವಾರಸ್ಯದ ಪ್ರಸಂಗವೊಂದಿದೆ. 1989ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಜ್ವರದ ರೋಗಿಯಿಂದ ಪ್ರತ್ಯೇಕಿಸಿದ ವೈರಸ್ಸು ನಮ್ಮ ಮಂಗನ ಕಾಯಿಲೆಯದೇ ಎಂದು 2009ರಲ್ಲಿ ಅಲ್ಲಿನ ವಿಜ್ಞಾನಿಗಳು ಪ್ರಕಟಿಸಿದರು. ಮಲೆನಾಡಿನ ಕಾಯಿಲೆ ಹಿಮಾಲಯ ದಾಟಿತ್ತೇ? ಎರಡೂ ವೈರಸ್ಸುಗಳ ಜೀನ್ ವಿವರಗಳನ್ನು ಎದುರುಬದುರಿಟ್ಟು ನೋಡಿದರೆ, ಚೀನಾದ್ದು 1957ರ ಮೂಲ ತಳಿಯ ಹೆಚ್ಚುಕಡಿಮೆ ಪಡಿಯಚ್ಚು. ಮೂವತ್ತೆರಡು ವರ್ಷ, ಅಷ್ಟು ದೂರ, ಇಷ್ಟೂ ಬದಲಾಗದೆ ಒಂದು ವೈರಸ್ಸು ಉಳಿದೀತೇ? ಪ್ರಯೋಗಾಲಯದಲ್ಲಿ ಬೆರಕೆಯಾಗಿರಬೇಕು ಎಂಬ ಅನುಮಾನವನ್ನು ಬೇರೆ ವಿಜ್ಞಾನಿಗಳು ಎತ್ತಿದರು. ವಿವರಗಳು ಪುಣೆಯ ಬೀರುವಿನಲ್ಲೇ ಬೀಗ ಹಾಕಿಕೊಂಡಿದ್ದರೆ ಆ ಅನುಮಾನಕ್ಕೂ ದಾರಿ ಇರುತ್ತಿರಲಿಲ್ಲ.

ಲಸಿಕೆಯ ಕತೆಯೂ ಹೀಗೆಯೇ. ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆ ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ ಎಂದು 2005ರಿಂದ 2010ರವರೆಗಿನ ಸರ್ಕಾರಿ ದಾಖಲೆಗಳನ್ನೇ ತಿರುವಿಹಾಕಿ ನಮ್ಮ ಆರೋಗ್ಯ ಇಲಾಖೆಯ ವೈದ್ಯರು ಇತರರ ಜೊತೆ ಸೇರಿ ಲೆಕ್ಕ ಹಾಕಿದರು. ಎರಡು ಡೋಸು ಪಡೆದವರಲ್ಲಿ ರಕ್ಷಣೆ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದರೆ 83. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಪತ್ರಿಕೆಯಲ್ಲಿ 2013ರಲ್ಲಿ ಅದು ಬಂತು. ಇಲಾಖೆಯ ಕಡತ ಇಲಾಖೆಯೊಳಗೇ ಕೊಳೆಯದೆ ಹೊರಬಂದಿದ್ದರಿಂದಲೇ ಲಸಿಕೆ ಸಾಲದು ಎಂಬ ಚರ್ಚೆಗೆ ಬಲ ಬಂತು. 2022ರಲ್ಲಿ ಆ ಲಸಿಕೆಯನ್ನು ಕೈಬಿಡಲಾಯಿತು. ಹೊಸತು ಬರಲು ತಡವಾದದ್ದು ಬೇರೆಯೇ ದುಃಖ.

ಅಂದಮೇಲೆ ಕೇಳಬೇಕಾದದ್ದು ಹಂಚಬೇಕೇ ಬೇಡವೇ ಎಂದಲ್ಲ, ಹಂಚುವ ತೀರ್ಮಾನವನ್ನು ಯಾರು ಮಾಡುತ್ತಾರೆ ಎಂದು. ಸದ್ಯಕ್ಕೆ ಆ ಅಧಿಕಾರ ದಿಲ್ಲಿಯಲ್ಲಿದೆ. ವಿದೇಶಿ ಸಂಸ್ಥೆಯ ಜೊತೆ ಸೇರಿ ಆರೋಗ್ಯ ಸಂಶೋಧನೆ ಮಾಡುವುದಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿ ಬೇಕು. ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನೆರವಿನಿಂದ ಹಲವು ರಾಜ್ಯಗಳಲ್ಲಿ ಜ್ವರದ ರೋಗಿಗಳ ಮೇಲೆ ಕಣ್ಗಾವಲು ಇಟ್ಟಿತ್ತು. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗ ಬೇಗ ಪತ್ತೆಹಚ್ಚಿದ್ದೂ ಇದೇ ಕೇಂದ್ರ. ಮರುವರ್ಷವೇ ಅನುಮತಿಯ ತಕರಾರು ಎದ್ದು, ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಹಣ ಭಾರತಕ್ಕೆ ಬರುವ ಮುನ್ನ ತನ್ನ ಒಪ್ಪಿಗೆ ಬೇಕಾದ ಸಂಸ್ಥೆಗಳ ಪಟ್ಟಿಗೆ ಸಿಡಿಸಿಯನ್ನು ಸೇರಿಸಿತೆಂದು ವರದಿಯಾಯಿತು. ಸರಿ ತಪ್ಪು ಏನೇ ಇರಲಿ, ಆ ಇಡೀ ಜಗ್ಗಾಟ ನಡೆದದ್ದು ಸರ್ಕಾರ, ಸಂಸ್ಥೆ, ವಿದೇಶಿ ನೆರವುದಾರರ ನಡುವೆ. ರಕ್ತ ಕೊಟ್ಟವರನ್ನು ಯಾರೂ ಏನೂ ಕೇಳಿದಂತೆ ಕಾಣಲಿಲ್ಲ. ದೇಶದ ಗಡಿಯಲ್ಲಿ ಕಾವಲಿದೆ, ಮನೆಯ ತಡಮೆಯ ಹತ್ತಿರ ಇಲ್ಲ.

ಕಾವಲು ಬೇಕಾಗಿರುವುದು ಅಲ್ಲಿಯೇ ಎಂದು ನನಗನ್ನಿಸುವುದಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಕಾರಣ.

ಕಾಸರಗೋಡಿನ ಗೇರು ತೋಟಗಳ ಮೇಲೆ ಕೇರಳದ ತೋಟ ನಿಗಮ, ಬೆಳ್ತಂಗಡಿಯ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯ ತೋಟಗಳ ಮೇಲೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದವು. ಕರುಗಳು ಊನವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದಿದ್ದರು. ಎಣ್ಮಕಜೆ ಪಂಚಾಯತಿನ ವಾಣೀನಗರದಲ್ಲಿ ದವಾಖಾನೆ ಇಟ್ಟಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ವಿವರವನ್ನು ಬರೆದಿಟ್ಟುಕೊಳ್ಳುತ್ತ ಹೋದರು. ಊರಿನ ಒಬ್ಬ ವೈದ್ಯರ ಆ ಪಟ್ಟಿಯೇ ಮುಂದಿನದ್ದಕ್ಕೆಲ್ಲ ಬೀಜ. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಊರಿನ ಜನರ ರಕ್ತದಲ್ಲಿ ವಿಷವಿದೆಯೆಂದಿತು. ತೋಟ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ಇಲ್ಲವೆಂದಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಸಿಂಪಡಣೆಯಾದ ಊರಿನ 117 ಗಂಡುಮಕ್ಕಳನ್ನು, ಆಗದ ಊರಿನ 90 ಮಕ್ಕಳನ್ನು ಪರೀಕ್ಷಿಸಿತು. ಸಿಂಪಡಣೆಯಾದ ಊರಿನಲ್ಲಿ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಅದರ ಫಲಿತಾಂಶ 2003ರ ಡಿಸೆಂಬರಿನಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂತು. ಅಂಕಿಗಳು ತಪ್ಪು ಎಂದು ಆಕ್ಷೇಪದ ಪತ್ರಗಳೂ ಅದೇ ಪತ್ರಿಕೆಯಲ್ಲಿ ಬಂದವು, ಸಂಶೋಧಕರು ಉತ್ತರಿಸಿದರು.

ಈ ಅಧ್ಯಯನ ಎಂಥ ಪರೀಕ್ಷೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತರಿಂದ ಹತ್ತೊಂಬತ್ತು ವರ್ಷದ ಹುಡುಗರ ಮೈ ಬೆಳವಣಿಗೆಯನ್ನು ಹಂತ ಹಂತವಾಗಿ ಅಳೆದು ಬರೆದದ್ದು, ಜೊತೆಗೆ ರಕ್ತದಲ್ಲಿನ ಹಾರ್ಮೋನಿನ ಪ್ರಮಾಣ. ಆ ವಯಸ್ಸಿನಲ್ಲಿ ತಾಯಿಗೂ ಹೇಳಿಕೊಳ್ಳದ ವಿವರಗಳು. ಈಗ ಯಾರಾದರೂ ನಮಗೆ ಕಚ್ಚಾ ಲೆಕ್ಕ ಕೊಡಿ, ನಾವೇ ನೋಡುತ್ತೇವೆ ಅಂದರು ಎಂದುಕೊಳ್ಳಿ. ಹೆಸರು ಅಳಿಸಿ ಕೊಟ್ಟರೆ ಸಾಕು ಎಂದು ಬೆಂಗಳೂರಿನಲ್ಲೋ ಬೋಸ್ಟನ್ನಿನಲ್ಲೋ ಕುಳಿತವರಿಗೆ ಅನ್ನಿಸುವುದು ಸಹಜ. ಒಂದು ಕೋಟಿ ಜನರ ನಗರದಲ್ಲಿ "ಗಂಡು, 14 ವರ್ಷ" ಅಂದರೆ ಯಾರೂ ಅಲ್ಲ. ನಮ್ಮ ಕಡೆಯ ಗ್ರಾಮದಲ್ಲಿ ಗುಡ್ಡಕ್ಕೊಂದು ಮನೆ, ಮನೆಗೊಂದು ಹೆಸರು. ವಯಸ್ಸು, ಶಾಲೆ, ತೋಟಕ್ಕೆ ಎಷ್ಟು ದೂರ ಎಂಬಷ್ಟು ತಿಳಿದರೆ ಬಸ್ ಸ್ಟ್ಯಾಂಡಿನ ಗೂಡಂಗಡಿಯವನು ಹುಡುಗನ ಅಜ್ಜನ ಹೆಸರನ್ನೂ ಹೇಳುತ್ತಾನೆ. ಅಪರೂಪದ ಕಾಯಿಲೆಯಾದರೆ ಇನ್ನೂ ಸುಲಭ.

ಒಬ್ಬೊಬ್ಬರ ಗುಟ್ಟಿನ ಮಾತು ಇಷ್ಟಾದರೆ ಊರಿಗೆ ಊರೇ ಹೊತ್ತುಕೊಳ್ಳಬೇಕಾದ ಹೊರೆ ಇನ್ನೊಂದಿದೆ. ಎಂಡೋ ಪೀಡಿತ ಗ್ರಾಮವೆಂದು ಹೆಸರು ಬಿದ್ದ ಮೇಲೆ ಆ ಕಡೆಯ ಹುಡುಗಿಯರಿಗೆ, ಹುಡುಗರಿಗೆ ಸಂಬಂಧ ಕೂಡಿಬರುವುದು ಕಷ್ಟವಾಯಿತು ಎಂದು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ. ರಕ್ತ ಕೊಟ್ಟವರೂ ಕೊಡದವರೂ ಒಂದೇ ಹಣೆಪಟ್ಟಿಯಡಿ ಬಂದರು. ಒಪ್ಪಿಗೆ ಪತ್ರಕ್ಕೆ ಸೈನ್ ಹಾಕುವುದು ಒಬ್ಬರು. ನಷ್ಟವಾದರೆ ಪಕ್ಕದ ಮನೆಗೂ ಪಾಲಿದೆ. ನಮ್ಮ ಈಗಿನ ನಿಯಮಗಳಲ್ಲಿ ಈ ಪಕ್ಕದ ಮನೆಗೆ ಸರಿಯಾದ ಜಾಗ ಇಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನೋಡಿ: ಸಂಶೋಧನೆಗೆ, ಅಂಕಿಅಂಶಕ್ಕೆ ಬಳಸುವ ಮಾಹಿತಿಗೆ, ಅದರ ಆಧಾರದಲ್ಲಿ ಆ ವ್ಯಕ್ತಿಯ ಬಗ್ಗೆಯೇ ತೀರ್ಮಾನ ತೆಗೆದುಕೊಳ್ಳದಿದ್ದರೆ ಮತ್ತು ನಿಗದಿತ ಮಾನದಂಡ ಪಾಲಿಸಿದರೆ, ವಿನಾಯಿತಿ ಕೊಟ್ಟಿದೆ. ಊರಿನ ಬಗ್ಗೆ ತೀರ್ಮಾನವಾದರೆ?

ಅಮೆರಿಕದ ಅರಿಜೋನಾದಲ್ಲಿ ಹವಾಸುಪಾಯಿ ಎಂಬ ಸಣ್ಣ ಬುಡಕಟ್ಟಿನವರಿಗೆ ಇದು ಅನುಭವಕ್ಕೆ ಬಂದಿದೆ. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಅವರು 1990ರಿಂದ ರಕ್ತ ಕೊಟ್ಟರು. ಅದೇ ರಕ್ತವನ್ನು ಮನೋರೋಗ, ಪೂರ್ವಜರ ವಲಸೆಯಂಥ ವಿಷಯಗಳಿಗೂ ಬಳಸಿದ್ದು ಗೊತ್ತಾಗಿ ಕೋರ್ಟಿಗೆ ಹೋದರು. 2010ರಲ್ಲಿ ಅಧ್ಯಯನ ನಡೆಸಿದ್ದ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಹಿಂತಿರುಗಿಸಿ ರಾಜಿ ಮಾಡಿಕೊಂಡಿತು. ಅವರು ಅದನ್ನು ತಮ್ಮ ನೆಲಕ್ಕೆ ಒಯ್ದರು.

ಹಾಗಾದರೆ ಎಂಡೋಸಲ್ಫಾನಿನಂಥ ಜಗಳದಲ್ಲಿ ಕಚ್ಚಾ ಲೆಕ್ಕವನ್ನು ಎದುರು ಪಕ್ಷಕ್ಕೆ ತೋರಿಸಲೇಬಾರದೇ? ಕೀಟನಾಶಕದ ಕಂಪನಿ ಕೇಳುವಾಗ ಅದರ ಉದ್ದೇಶದ ಬಗ್ಗೆ ನನಗೆ ಭ್ರಮೆಯಿಲ್ಲ. ಆದರೆ ತೋರಿಸದೆ ನಂಬಿ ಅನ್ನುವ ವಿಜ್ಞಾನವೂ ಹೆಚ್ಚು ದಿನ ನಿಲ್ಲುವುದಿಲ್ಲ. ನಿಗಮ ಮಾಡಿಸಿದ ಪರೀಕ್ಷೆಯನ್ನು ಒಪ್ಪದವರಿಗೂ ಅದರ ಕಚ್ಚಾ ಲೆಕ್ಕ ಬೇಕಾಗುತ್ತದಲ್ಲ. ಅಮೆರಿಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಗಾಳಿಯಲ್ಲಿನ ಸಣ್ಣ ಧೂಳಿನಿಂದ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಾರ್ವರ್ಡಿನವರು ಆರು ನಗರಗಳ ಅಧ್ಯಯನದಿಂದ 1993ರಲ್ಲಿ ತೋರಿಸಿದಾಗ ಉದ್ಯಮಗಳು ಲೆಕ್ಕ ಕೊಡಿ ಎಂದು ಪಟ್ಟು ಹಿಡಿದವು. ಜನರಿಗೆ ಗೋಪ್ಯತೆಯ ಮಾತು ಕೊಟ್ಟಿದ್ದೇವೆ ಎಂದು ಹಾರ್ವರ್ಡಿನವರು ಒಪ್ಪಲಿಲ್ಲ. ಕೊನೆಗೆ ಸರ್ಕಾರ ಮತ್ತು ವಾಹನ ಉದ್ಯಮ ಎರಡರಿಂದಲೂ ಹಣ ಪಡೆಯುವ ಸ್ವತಂತ್ರ ಸಂಸ್ಥೆಯೊಂದಕ್ಕೆ ಲೆಕ್ಕ ಒಪ್ಪಿಸಿದರು. ಅದು ಹೊಸಬರಿಂದ ಪೂರ್ತಿ ಮರುಲೆಕ್ಕ ಮಾಡಿಸಿ, ಮೂಲ ಫಲಿತಾಂಶ ಸರಿಯೆಂದು 2000ದಲ್ಲಿ ಹೇಳಿತು. ಅಧ್ಯಯನದಲ್ಲಿದ್ದ ಒಬ್ಬರ ವಿವರವೂ ಬೀದಿಗೆ ಬರಲಿಲ್ಲ. ಎಂಡೋಸಲ್ಫಾನ್ ವಿಷಯದಲ್ಲಿ ನಮ್ಮಲ್ಲೂ ಇಂಥ ನಡುಮನೆಯೊಂದು ಇದ್ದಿದ್ದರೆ ಸಮಿತಿಯ ಮೇಲೆ ಸಮಿತಿ ಕೂರಿಸುವ ಕೆಲಸ ಒಂದಷ್ಟು ತಪ್ಪುತ್ತಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆ ಕೊಡುವವರೆಗೆ ದೇಶದ ಬೇರೆ ಕಡೆಗಳಲ್ಲಿ ಆ ವಿಷ ಮಾರಾಟವಾಗುತ್ತಲೇ ಇತ್ತು.

ಒಳ್ಳೆಯ ಮಾದರಿಯೊಂದು ಕರ್ನಾಟಕದಲ್ಲೇ ಇದೆ, ಅದಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಸೂಲಗಿತ್ತಿ ನರ್ಸುಗಳು ಶಿಸ್ತಿನಿಂದ ಬರೆದಿಟ್ಟಿದ್ದರು. ಆ ಕಾಲದ ಇಂಥ ದಾಖಲೆ ಉಳಿದಿರುವ ಕಡೆ ಜಗತ್ತಿನಲ್ಲೇ ಕಡಿಮೆ. ಹೊಟ್ಟೆಯಲ್ಲಿದ್ದಾಗಿನ ಪೋಷಣೆಗೂ ಮುಂದಿನ ಹೃದಯ ರೋಗಕ್ಕೂ ನಂಟಿದೆಯೆಂದು ವಾದಿಸುತ್ತಿದ್ದ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡಕ್ಕೆ ಇದು ನಿಧಿಯಂತೆ ಸಿಕ್ಕಿತು. 1934ರಿಂದ 1954ರ ನಡುವೆ ಹುಟ್ಟಿ ಆಸ್ಪತ್ರೆಯ ಹತ್ತಿರವೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದಯ ರೋಗ 11 ಶೇಕಡಾ, ಏಳು ಪೌಂಡಿಗೆ ಮೇಲ್ಪಟ್ಟವರಲ್ಲಿ 3. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈ ಪ್ರಬಂಧದಲ್ಲಿ ಮೊದಲ ಹೆಸರು ಇಂಗ್ಲೆಂಡಿನ ತಂಡದವರದೇ. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಆಸ್ಪತ್ರೆಯಲ್ಲೇ ಸಂಶೋಧನಾ ಘಟಕ ಬೆಳೆಯಿತು, 1997ರಿಂದ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಾನುವರ್ಷ ಹಿಂಬಾಲಿಸುವ ಹೊಸ ಅಧ್ಯಯನ ಶುರುವಾಯಿತು, ಘಟಕದ ಕೃಷ್ಣವೇಣಿಯಂಥ ವೈದ್ಯ ವಿಜ್ಞಾನಿಗಳೇ ಮೊದಲ ಹೆಸರಾಗಿ ಪ್ರಬಂಧ ಬರೆದರು. ಬೆಲೆಯುಳ್ಳ ರಿಜಿಸ್ಟರು ಇದ್ದ ಕಡೆಯೇ ಅದನ್ನು ಓದುವ ಕೈಗಳೂ ತಯಾರಾದವು. ಅದಕ್ಕೆ ಹಲವು ವರ್ಷ ಹಿಡಿಯಿತು. ಮೂರು ವರ್ಷದ ಪ್ರಾಜೆಕ್ಟಿನ ದುಡ್ಡಿನಲ್ಲಿ ಆಗುವ ಕೆಲಸ ಇದಲ್ಲ ಎಂದು ದುಡ್ಡು ಕೊಡುವವರಿಗೆ ಯಾರಾದರೂ ಹೇಳಬೇಕು.

ಹಂಚಿದವರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿದ ದೇಶ ಇಂಡೋನೇಷ್ಯಾ. ಅಲ್ಲಿನ ಹಕ್ಕಿಜ್ವರದ ಸ್ಯಾಂಪಲ್ಲುಗಳಿಂದ ತಯಾರಾದ ಲಸಿಕೆ ತನ್ನ ಜನರಿಗೇ ಕೈಗೆಟುಕುವುದಿಲ್ಲವೆಂದು ಗೊತ್ತಾದಾಗ, ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ 2007ರಲ್ಲಿ ಸ್ಯಾಂಪಲ್ ಕಳಿಸುವುದನ್ನೇ ನಿಲ್ಲಿಸಿದರು. ಬೈಗುಳ ಬೇಕಾದಷ್ಟು ಬಂತು. ಆದರೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ವೈರಸ್ ಹಂಚಿಕೆಗೂ ಲಸಿಕೆಯ ಪಾಲಿಗೂ ಗಂಟು ಹಾಕುವ ಒಪ್ಪಂದ ತಂದದ್ದು ಆ ಹಟದಿಂದಲೇ. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಮಾಡಿದ್ದು ಇದಕ್ಕೆ ತೀರಾ ಉಲ್ಟಾ. ಕೋವಿಡ್‌ನ ಒಮಿಕ್ರಾನ್ ತಳಿ ಕಂಡ ಕೂಡಲೇ ಜಗತ್ತಿಗೆ ತಿಳಿಸಿತು. ಪ್ರತಿಫಲವಾಗಿ ಕೆಲವೇ ದಿನಗಳಲ್ಲಿ ಸಿರಿವಂತ ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಮುಂದಿನ ಸಲ ಇನ್ನೊಂದು ದೇಶ ಎರಡು ವಾರ ಬಾಯಿಮುಚ್ಚಿ ಕೂತರೆ ಯಾರನ್ನು ದೂರುವುದು?

ಇಷ್ಟೆಲ್ಲ ದೊಡ್ಡ ದೊಡ್ಡ ಸಂಸ್ಥೆಗಳ ನಡುವೆ ನರಿಕೊಂಬಿನ ಅಕ್ಕ ಏನು ಮಾಡಬಹುದು? ಒಬ್ಬರೇ ಅಂದರೆ ಹೆಚ್ಚೇನೂ ಇಲ್ಲ. ಸೈನ್ ಹಾಕುವ ಮುನ್ನ ಆ ಕೊನೆಯ ಸಾಲನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಬಿಡಿಸಿ ಹೇಳಿ ಎಂದು ಕೇಳಬಹುದು. ಪರೀಕ್ಷೆಗೆ ಬೇಕಾದರೆ ರಕ್ತ ತಗೊಳ್ಳಿ, ಬೇರೆಯವರಿಗೆ ಕೊಡುವುದು ಬೇಡ ಎಂದು ಅದೊಂದಕ್ಕೆ ಮಾತ್ರ ಇಲ್ಲ ಅನ್ನಬಹುದು, ಹಾಗೆ ಬೇರೆ ಬೇರೆಯಾಗಿ ಒಪ್ಪುವ ಅವಕಾಶ ಕಾಗದದಲ್ಲಿ ಇರಬೇಕಾದದ್ದು ನ್ಯಾಯ. ಹೊರಗೆ ಹೋಗುವ ಪಟ್ಟಿಯಲ್ಲಿ ಗ್ರಾಮದ ಹೆಸರಿನ ಬದಲು ತಾಲೂಕಿನ ಹೆಸರಷ್ಟೇ ಇರಲಿ ಎಂದು ಪಂಚಾಯತ್ ಕೇಳಬಹುದು. ಅಧ್ಯಯನ ಮುಗಿದ ಮೇಲೆ ಏನು ಗೊತ್ತಾಯಿತು ಎಂದು ಗ್ರಾಮಸಭೆಯಲ್ಲಿ ಬಂದು ಹೇಳಿ ಎಂದೂ ಕೇಳಬಹುದು. ನನ್ನ ಗಮನಕ್ಕೆ ಬಂದಂತೆ ಶಿಬಿರದ ಬ್ಯಾನರು ಕಟ್ಟಲು ಬರುವ ಉತ್ಸಾಹ ಫಲಿತಾಂಶ ಹೇಳಲು ಬರುವುದರಲ್ಲಿ ಇರುವುದಿಲ್ಲ.

ಅಕ್ಕನ ಮಾತಿಗೆ ನಿಜವಾದ ಜಾಗ ಇರುವುದು ಇನ್ನೊಂದು ಕಡೆ. ಮನುಷ್ಯರ ಮೇಲೆ ಸಂಶೋಧನೆ ಮಾಡುವ ಪ್ರತಿಯೊಂದು ಕಾಲೇಜಿನಲ್ಲೂ ಎಥಿಕ್ಸ್ ಕಮಿಟಿ ಇರಬೇಕು. ಮಾಹಿತಿಯನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬಹುದು ಎಂಬುದೂ ಅದರ ಮುಂದೆಯೇ ಬರುತ್ತದೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಆ ಕಮಿಟಿಯಲ್ಲಿ ವೈದ್ಯರ ಜೊತೆಗೆ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಓದುಬರಹ ಗೊತ್ತಿರಬೇಕು, ಹಿಂದಿನ ಐದು ವರ್ಷ ವೈದ್ಯಕೀಯಕ್ಕೆ ಸಂಬಂಧಿಸಿದ ಕೆಲಸದಲ್ಲಿ ಇದ್ದಿರಬಾರದು, ಊರಿನ ಭಾಷೆ ಮತ್ತು ರೀತಿರಿವಾಜು ತಿಳಿದಿರಬೇಕು. ಅಧ್ಯಯನ ನಡೆಯುವ ಸಮುದಾಯದವರೇ ಆಗಿರಬಹುದು ಎಂದೂ ಹೇಳಿದೆ. ಆ ಕುರ್ಚಿ ಎಂದಾಕ್ಷಣ ನಿವೃತ್ತ ಮಾಸ್ತರರ, ಗಣ್ಯರ ಹೆಸರೇ ನೆನಪಿಗೆ ಬರುವುದು ನಮ್ಮ ಅಭ್ಯಾಸ. ಬೀಡಿ ಕಟ್ಟುವ ಒಬ್ಬ ಹೆಂಗಸನ್ನು ಅಲ್ಲಿ ಕೂರಿಸಲು ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ. ಬಿ.ಸಿ.ರೋಡಿನಿಂದ ಮಂಗಳೂರಿಗೆ ಬಸ್ಸಿನ ಚಾರ್ಜು, ಸಭೆಯ ದಿನ ತಪ್ಪುವ ಬೀಡಿಯ ಮಜೂರಿ, ಇವೆರಡನ್ನು ಕಾಲೇಜು ತುಂಬಿಕೊಡಬೇಕಾಗುತ್ತದೆ.